ಹಕ್ಕಿಯ ಹೊಟ್ಟೆಯೊಳಗೊಂದು ಬೀಸುವ ಕಲ್ಲು

ಗದಗದಿಂದ ಸುಮಾರು 26 ಕಿಲೋಮೀಟರ್ ದೂರದ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹೋದವರು ಪಟ್ಟೆತಲೆ ಹೆಬ್ಬಾತುಗಳ ಹಿಂಡನ್ನು ಕಂಡೇ ಇರುತ್ತಾರೆ. ಹಿಮಾಲಯ ದಾಟಿ ಮಂಗೋಲಿಯಾ, ಟಿಬೆಟ್ ಕಡೆಯಿಂದ ಬರುವ ಈ ಅತಿಥಿಗಳು ಹಗಲು ನೀರಿನಲ್ಲಿ ವಿಶ್ರಮಿಸಿ, ಕತ್ತಲಾದ ಮೇಲೆ ಸುತ್ತಲಿನ ಹೊಲಗಳಿಗೆ ಇಳಿದು ಶೇಂಗಾ, ಕಡಲೆ ಮೇಯುತ್ತವೆ. ಹಲ್ಲೇ ಇಲ್ಲದ ಬಾಯಿಗೆ ಕಡಲೆ! ಹಾಗಾದರೆ ಅವು ಅಗಿಯುವುದೆಲ್ಲಿ?

ಹೊಟ್ಟೆಯಲ್ಲಿ. ಹಕ್ಕಿಯ ಜಠರಕ್ಕೆ ಎರಡು ಭಾಗ. ಮೊದಲನೆಯದು ಆಮ್ಲ ಮತ್ತು ಪಾಚಕ ರಸವನ್ನು ಸುರಿಸುತ್ತದೆ. ಎರಡನೆಯದೇ ಗಿಜರ್ಡ್. ದಪ್ಪ ಸ್ನಾಯುಗಳ ಈ ಚೀಲದ ಒಳಗೆ ಒರಟಾದ ಹಳದಿ ಪೊರೆ ಇರುತ್ತದೆ. ಹಕ್ಕಿ ಆಗಾಗ ನುಂಗಿದ ಸಣ್ಣ ಹರಳುಗಳು ಇಲ್ಲಿ ಉಳಿಯುತ್ತವೆ. ಸ್ನಾಯುಗಳು ಹಿಂಡಿದಾಗ ಹರಳುಗಳ ನಡುವೆ ಸಿಕ್ಕ ಕಾಳು ನುಚ್ಚಾಗುತ್ತದೆ. ಅಜ್ಜಿಯರ ಬೀಸುವ ಕಲ್ಲಿನ ಕೆಲಸವೇ, ಆದರೆ ಹಾಡಿಲ್ಲ! ಹದಿನೆಂಟನೆಯ ಶತಮಾನದಲ್ಲಿ ಇಟಲಿಯ ಸ್ಪಲಾಂಜಾನಿ ಎಂಬ ವಿಜ್ಞಾನಿ ಸೂಜಿಗಳನ್ನು ಚುಚ್ಚಿದ ಗುಂಡನ್ನು ಟರ್ಕಿ ಕೋಳಿಗೆ ನುಂಗಿಸಿದ. ಮೊಂಡಾಗಿ ಮುರಿದದ್ದು ಸೂಜಿಗಳೇ ಹೊರತು ಗಿಜರ್ಡ್‌ಗೆ ಏನೂ ಆಗಲಿಲ್ಲ. (ಎರೆಹುಳುವಿಗೂ, ಮೊಸಳೆಗೂ ಇಂಥದೊಂದು ಅಂಗವಿದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.)

ಮುಂಡರಗಿ, ಲಕ್ಷ್ಮೇಶ್ವರದ ಅಂಗಳಗಳಲ್ಲಿ ಕೆದರಿ ತಿನ್ನುವ ಜವಾರಿ ಕೋಳಿಯ ಗಿಜರ್ಡ್ ಸೀಳಿದರೆ ಹರಳುಗಳು ಕಾಣುತ್ತವೆ. ಪುಡಿ ಆಹಾರ ತಿಂದು ಬೆಳೆದ ಬ್ರಾಯ್ಲರ್ ಕೋಳಿಯಲ್ಲಿ ಅವು ಅಪರೂಪ. ಅದಕ್ಕೆ ಬೀಸುವ ಕೆಲಸವೇ ಇಲ್ಲವಲ್ಲ! ಮಾಂಸದಡುಗೆ ಮಾಡುವ ಮನೆಗಳಲ್ಲಿ ಇದನ್ನು ಸೀಳಿ, ತೊಳೆದು, ಹಳದಿ ಪೊರೆಯನ್ನು ಸುಲಿದು ತೆಗೆಯುತ್ತಾರೆ. ಜೀವಮಾನವೆಲ್ಲ ದುಡಿದ ಸ್ನಾಯು, ಬೇಗ ಬೇಯದು. ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ, ಉಳ್ಳಾಗಡ್ಡಿ, ಮೆಣಸಿನ ಖಾರದೊಂದಿಗೆ ಹುರಿದರೆ ರೊಟ್ಟಿಗೆ ಒಳ್ಳೆಯ ಜೊತೆ.

ಹೆಸರಿನ ಕಥೆಯೂ ಸ್ವಾರಸ್ಯದ್ದೇ. ಇಂಗ್ಲಿಷಿನ ‘ಗಿಜರ್ಡ್’ ಪದದ ಮೂಲ ಲ್ಯಾಟಿನ್ನಿನ ‘ಗಿಗೇರಿಯಾ’, ಎಂದರೆ ಕೋಳಿಯ ಒಳಅಂಗಗಳ ಅಡುಗೆ. ಅಂದರೆ ಈ ಹೆಸರು ಬಂದದ್ದು ಅಡುಗೆಮನೆಯಿಂದ! ತೆಲುಗರು ‘ಕಂದನಕಾಯ’ ಎಂದು ಅದನ್ನು ಕಾಯಿಯಾಗಿಸಿದರು. ಉರ್ದುವಿನ ‘ಸಂಗ್‌ದಾನ’ ಎಲ್ಲಕ್ಕಿಂತ ಸರಿಯಾದದ್ದು. ‘ಸಂಗ್’ ಎಂದರೆ ಪಾರಸಿಯಲ್ಲಿ ಕಲ್ಲು. ಅದು ಕಲ್ಲಿಡುವ ಪೆಟ್ಟಿಗೆ.

ಆದರೆ ಯಾವುದು ಕಲ್ಲು, ಯಾವುದು ವಿಷ ಎಂದು ಹಕ್ಕಿಗೆ ತಿಳಿಯದು. ಬೇಟೆಗಾರರ ಸೀಸದ ಗುಂಡು, ಗಾಳಕ್ಕೆ ಭಾರಕ್ಕಾಗಿ ಕಟ್ಟುವ ಸೀಸದ ಚೂರು ಕೆರೆಯ ಕೆಸರಿನಲ್ಲಿ ಬಿದ್ದಿದ್ದರೆ ಬಾತುಗಳು ಹರಳೆಂದೇ ನುಂಗುತ್ತವೆ. ಗಿಜರ್ಡ್ ಅದನ್ನೂ ಅರೆಯುತ್ತದೆ. ಆಮ್ಲದಲ್ಲಿ ಕರಗಿದ ಸೀಸ ರಕ್ತ ಸೇರಿದರೆ ಹಕ್ಕಿ ಮೇವು ಬಿಟ್ಟು, ಬಡಕಲಾಗಿ ಸಾಯುತ್ತದೆ. ಹಂಸಗಳ ಸಾವು ಕಂಡ ಬ್ರಿಟನ್ 1987ರಲ್ಲಿ ಗಾಳದ ಸೀಸದ ಬಹುತೇಕ ತೂಕಗಳನ್ನು ನಿಷೇಧಿಸಿತು. ಅಮೆರಿಕ 1991ರಲ್ಲಿ ನೀರುಹಕ್ಕಿಗಳ ಬೇಟೆಗೆ ಸೀಸದ ಗುಂಡನ್ನು ಬಳಸಬಾರದೆಂದಿತು. ನಮ್ಮಲ್ಲಿ ಹೆಬ್ಬಾತಿನ ಬೇಟೆಯೇ ಅಪರಾಧ. ಮಾಗಡಿ ಕೆರೆಗೆ 2024ರಲ್ಲಿ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆಯೂ ದೊರೆತಿದೆ. ನಿಮ್ಮೂರಿನ ಕೆರೆಗೆ ಮೀನು ಹಿಡಿಯಲು ಹೋಗುವ ಮಕ್ಕಳು ಗಾಳಕ್ಕೆ ಏನು ಕಟ್ಟಿದ್ದಾರೆಂದು ಒಮ್ಮೆ ನೋಡಿ. ಸೀಸವಿದ್ದರೆ ಬದಲಿಗೆ ಕಬ್ಬಿಣದ ನಟ್ಟು ಸಾಕು.