ರಿವರ್ಸ್ ಒಂದು ಬಿಟ್ಟು ಬೇರೆ ಏನಾದ್ರೂ ಕೇಳಿ ಸ್ವಾಮಿ!

ಸಿನಿಮಾದಲ್ಲಿ ಕಾರು ಕೆಡುವುದು ಎರಡೇ ಕಾರಣಕ್ಕೆ. ಒಂದು, ನಾಯಕಿ ನಾಯಕನನ್ನು ಭೇಟಿಯಾಗಬೇಕು. ಎರಡು, ಖಳನಾಯಕ ಬ್ರೇಕಿನ ಪೈಪು ಕತ್ತರಿಸಿರಬೇಕು. ಮೊದಲನೆಯದಾದರೆ ಮಳೆ ಬರುತ್ತದೆ. ನಾಯಕ ಬಾನೆಟ್ ಎತ್ತಿ ಯಾವುದೋ ಒಂದು ವೈರು ಮುಟ್ಟುತ್ತಾನೆ, ಇಂಜಿನ್ ಝುಮ್ ಎನ್ನುತ್ತದೆ, ಆಮೇಲೆ ಹಾಡು. ಎರಡನೆಯದಾದರೆ ಘಾಟಿ, ಪ್ರಪಾತ, ಬೆಂಕಿ... ಇಂಟರ್‌ವಲ್!

ಪಿಯುಸಿಗೆ ಅರ್ಧದಲ್ಲೇ ದೊಡ್ಡ ನಮಸ್ಕಾರ ಹೊಡೆದು, ಈ ಪೆನ್ನು ಹಿಡಿಯುವುದಕ್ಕೆ ಮುಂಚೆ ಎರಡು ವರ್ಷ ಹೊಳೆನರಸೀಪುರದ ಒಂದು ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದವನು ನಾನು. ಟೀವಿಯಲ್ಲಿ ಇಂಥ ಸೀನು ಬಂದಾಗಲೆಲ್ಲ ನಮ್ಮ ಮೇಸ್ತ್ರಿ ಒಂದೇ ಪ್ರಶ್ನೆ ಕೇಳುತ್ತಿದ್ದರು: 'ಅಲ್ಲ ಕಣ್ಲಾ, ಅವನ ಕೈಗೆ ಗ್ರೀಸೇ ಅಂಟ್ಲಿಲ್ಲವಲ್ಲ?'

ಬಸ್ ಸ್ಟ್ಯಾಂಡಿನಲ್ಲಿ ಪತ್ರಿಕೆ ಕೊಳ್ಳುವ ನಮಗೆ ಕಾರಿನವರ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಸ್ವಾಮಿ, ನಾನು ಹೇಳಹೊರಟಿರುವ ಕಾರಿನವರೂ ಕೊನೆಗೆ ಊರು ಸೇರುವುದು ಬಸ್ಸಿನಲ್ಲೇ!

ಐದು ಜನ, ಮೂರು ಕಾರು, ಒಂದೇ ಜಾಕ್

ತಿಂಗಳಿಗೊಂದು ಭಾನುವಾರ ಹಾಸನದ ಬಿ.ಎಂ. ರಸ್ತೆಯ ಒಂದು ಹೋಟೆಲಿನ ಮುಂದೆ ಇವರು ಸೇರುತ್ತಾರೆ. ಸಂಘವಿಲ್ಲ, ಬೋರ್ಡಿಲ್ಲ, ಅಧ್ಯಕ್ಷರಿಲ್ಲ. ಅರಕಲಗೂಡಿನಿಂದ ನಮ್ಮ ಸೋದರಮಾವ ತಮ್ಮ 1986ರ ಅಂಬಾಸಿಡರ್ ತರುತ್ತಾರೆ. ಚನ್ನರಾಯಪಟ್ಟಣದಿಂದ ಟ್ಯಾಕ್ಸಿ ಬಿಟ್ಟು ವಿಶ್ರಾಂತಿಯಲ್ಲಿರುವ ಹಿರಿಯರೊಬ್ಬರು ಪ್ರೀಮಿಯರ್ ಪದ್ಮಿನಿಯಲ್ಲಿ ಬರುತ್ತಾರೆ. ಹೊಳೆನರಸೀಪುರದ ಒಬ್ಬ ಹುಡುಗ ತಂದೆಯ ಕಾಲದ ಮಾರುತಿ 800ರಲ್ಲಿ ನಮ್ಮ ಮೇಸ್ತ್ರಿಯನ್ನೂ ಕೂರಿಸಿಕೊಂಡು ಬರುತ್ತಾನೆ. ಐದನೆಯವರು ಹಾಸನದ ರಿಟೈರ್ಡ್ ಮೇಷ್ಟ್ರು. ಇವರ ಹತ್ತಿರ ಇರುವುದು ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್. ಅದರ ಬಾನೆಟ್ಟು ಮಡ್‌ಗಾರ್ಡಿನ ಸಮೇತ ಮೊಸಳೆ ಬಾಯಿ ತೆರೆದ ಹಾಗೆ ಮುಂದಕ್ಕೆ ಏಳುತ್ತದೆ. ಮೇಷ್ಟ್ರು ಮಾತ್ರ ಆಟೋದಲ್ಲಿ ಬರುತ್ತಾರೆ! 'ಬಾಯಿ ತೆಗೆದಿದೆ, ಇನ್ನೂ ಮಾತಾಡಿಲ್ಲ' ಎನ್ನುತ್ತಾರೆ.

ಪದ್ಮಿನಿ ಎಂದ ಕೂಡಲೇ ಮುಖ ಅರಳಿಸಬೇಡಿ. ನಾನೂ ಹುಡುಗನಾಗಿದ್ದಾಗ ಇದು ನಟಿ ಪದ್ಮಿನಿಯ ಹೆಸರೆಂದೇ ನಂಬಿದ್ದೆ. ಫಿಯೆಟ್ 1100 ಕಾರಿಗೆ 1974ರಲ್ಲಿ ಇಟ್ಟ ಈ ಹೆಸರು ಚಿತ್ತೂರಿನ ರಾಣಿಯದಂತೆ. ಮುಂಬಯಿಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟವು. ಅಂಬಾಸಿಡರ್ ತಯಾರಿಸುತ್ತಿದ್ದ ಬಂಗಾಳದ ಉತ್ತರಪಾರಾ ಕಾರ್ಖಾನೆ 2014ರಲ್ಲಿ ನಿಂತುಹೋಯಿತು. ಅದೇ ವರ್ಷ ಮಾರುತಿ 800 ಕೂಡ. ಅಂದರೆ ಈ ಗುಂಪಿನ ಎಲ್ಲ ಕಾರುಗಳೂ ತವರು ಮುಚ್ಚಿದ ಹೆಣ್ಣುಮಕ್ಕಳು. ಕಷ್ಟ ಬಂದರೆ ಹೋಗಿ ಹೇಳಿಕೊಳ್ಳಲು ಮನೆಯಿಲ್ಲ!

'ಎಷ್ಟು ಕೊಡ್ತದೆ?'

ಕಾಫಿ ಬಂದ ಕೂಡಲೇ ಶುರುವಾಗುವುದು ಗೋಳು. ಯಾರಿಗೆ ಯಾವುದನ್ನು ಕಂಡರೆ ಮೈ ಉರಿಯುತ್ತದೆ ಎಂಬ ಪಟ್ಟಿ.

ಮೇಷ್ಟ್ರಿಗೆ ಆಗದ್ದು ಮೈಲೇಜಿನ ಪ್ರಶ್ನೆ. ನಿಂತ ಕಾರನ್ನು ನೋಡಿದವರೂ 'ಎಷ್ಟು ಕೊಡ್ತದೆ ಸಾರ್?' ಎನ್ನುತ್ತಾರಂತೆ. 'ಖುಷಿ ಕೊಡ್ತದಪ್ಪ' ಎಂದರೆ 'ಅದಲ್ಲ, ಲೀಟರಿಗೆ?' ಎನ್ನುತ್ತಾರಂತೆ. 800ರ ಹುಡುಗನಿಗೆ ಆಗದ್ದು ಬಾಗಿಲು ಬಡಿಯುವವರು. ಅಂಬಾಸಿಡರಿನ ಬಾಗಿಲು ಹಾಕಿ ಅಭ್ಯಾಸವಿರುವ ನಮ್ಮ ಮಾವ 800ರ ಬಾಗಿಲು ಹಾಕಿದರೆ ಆಚೆ ಬಾಗಿಲು ತೆರೆದುಕೊಳ್ಳುತ್ತದೆ ಎಂದು ಅವನ ಆರೋಪ.

ಮಾವನಿಗೆ ಆಗದ್ದು ಹಿಂದಿನ ಗಾಜಿನ ಧೂಳಿನ ಮೇಲೆ ಬೆರಳಲ್ಲಿ ಬರೆಯುವವರು. ಅದು ನೀವೇ, ಅಭಿಮಾನಿ ಮಹಾಶಯರೇ, ಸುಮ್ಮನೆ ಆಕಾಶ ನೋಡಬೇಡಿ! ಆದರೆ 2021ರ ಅಕ್ಟೋಬರ್ ಕೊನೆಯಲ್ಲಿ ಅರಕಲಗೂಡು ಬಸ್ ಸ್ಟ್ಯಾಂಡಿನ ಹತ್ತಿರ ಯಾರೋ 'ಅಪ್ಪು' ಎಂದು ಬರೆದು ಹೋಗಿದ್ದರು. ಅದನ್ನು ಮಾವ ಒಂದು ತಿಂಗಳು ಒರೆಸಲಿಲ್ಲ. ಅತ್ತೆ ಒದ್ದೆ ಬಟ್ಟೆ ಹಿಡಿದು ಬಂದರೆ 'ಆ ಕಡೆ ಬಿಟ್ಟು ಒರೆಸು' ಎನ್ನುತ್ತಿದ್ದರು.

ಇನ್ನು ಮದುವೆ. ಅಂಬಾಸಿಡರ್ ಇಟ್ಟವನು ಊರಿಗೆಲ್ಲ ಬೀಗ. 'ಹಳೇ ಕಾರು, ಫೋಟೋಗೆ ಚೆನ್ನಾಗಿ ಬತ್ತದೆ' ಎಂದು ಒಯ್ಯುತ್ತಾರೆ. ಬಾನೆಟ್ಟಿಗೆ ಸೆಲ್ಲೋಟೇಪಿನಲ್ಲಿ ಗುಲಾಬಿ ಅಂಟಿಸುತ್ತಾರೆ, ಕೀಳುವಾಗ ಗುಲಾಬಿಯ ಜೊತೆ ಪೇಂಟೂ ಬರುತ್ತದೆ. ರಾಮನಾಥಪುರದ ಒಂದು ಮದುವೆಯಲ್ಲಿ ಗಂಡು-ಹೆಣ್ಣು ಒಳಗೆ ಕೂತಿದ್ದಾಗಲೇ ಕಾರು ನಿಂತು, ಬೀಗರಿಬ್ಬರೂ ಸೇರಿ ತಳ್ಳಿದರು. ವರದಕ್ಷಿಣೆಯ ವಿಚಾರಕ್ಕೆ ಮುನಿಸಿಕೊಂಡಿದ್ದ ಆ ಇಬ್ಬರೂ ಅವತ್ತೇ ಮೊದಲ ಸಲ ಒಂದೇ ಕಡೆಗೆ ಬಲ ಹಾಕಿದ್ದು ಎಂದು ಮಾವ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ.

ಹುರುಳಿ ಸೊಪ್ಪಿನ ಬೆಂಕಿ

ನಗು ನಿಲ್ಲುವುದು ಹುರುಳಿಯ ಮಾತು ಬಂದಾಗ. ಹಾಸನ-ಹೊಳೆನರಸೀಪುರದ ದಾರಿ ಬಿಟ್ಟು ಯಾವುದೇ ಹಳ್ಳಿ ರಸ್ತೆಗೆ ತಿರುಗಿ ನೋಡಿ, ಸುಗ್ಗಿಯಲ್ಲಿ ಟಾರು ಕಾಣುವುದಿಲ್ಲ. ರಾಗಿ, ಹುರುಳಿ ಎಲ್ಲ ರಸ್ತೆಯ ಮೇಲೆ. ಕಣ ಮಾಡಲು ಆಳಿಲ್ಲ, ಗುಂಡು ಎಳೆಯಲು ಎತ್ತಿಲ್ಲ. ಬರುವ ಹೋಗುವ ಗಾಡಿಯೇ ಒಕ್ಕಣೆ ಯಂತ್ರ. ರೈತನ ತಪ್ಪೂ ಅಲ್ಲ ಬಿಡಿ. ಆದರೆ ಹುರುಳಿ ಬಳ್ಳಿ ಹಗ್ಗದಂಥದ್ದು. ತಿರುಗುವ ಜಾಯಿಂಟಿಗೆ ಸುತ್ತಿಕೊಳ್ಳುತ್ತದೆ, ಕಾದ ಸೈಲೆನ್ಸರಿಗೆ ತಾಗಿ ಒಣ ಸೊಪ್ಪು ಹೊಗೆಯಾಡುತ್ತದೆ. ಕರ್ನಾಟಕದಲ್ಲಿ ಹೀಗೆ ಸುಟ್ಟುಹೋದ ಕಾರುಗಳ ಸುದ್ದಿಯನ್ನು ನೀವೂ ಓದಿರುತ್ತೀರಿ.

ನಮ್ಮ ಟ್ಯಾಕ್ಸಿ ಹಿರಿಯರು ಚನ್ನರಾಯಪಟ್ಟಣದ ಹತ್ತಿರ ಒಂದು ಸಂಜೆ ಹೊಗೆಯ ವಾಸನೆ ಬಂದು ಇಳಿದು ನೋಡಿದರೆ ಕೆಳಗೆ ಕೆಂಡ. ಅದೇ ಹುರುಳಿಯ ಒಡತಿ ಬಿಂದಿಗೆ ನೀರು ತಂದು ಸುರಿದಳು. ಸುರಿದು, 'ಇನ್ನೊಂದು ಸಲ ಮೇಲೆ ಹಾಯಿಸ್ಕೊಂಡು ಹೋಗಣ್ಣ, ಈ ಕಡೇದು ಒಕ್ಕಿಲ್ಲ' ಅಂದಳಂತೆ!

ಇವರು 1981ರ ಮಹಾಮಸ್ತಕಾಭಿಷೇಕದಲ್ಲಿ ಕ್ಲೀನರ್ ಆಗಿ, 1993ರದ್ದರಲ್ಲಿ ಡ್ರೈವರ್ ಆಗಿ ಪಟ್ಟಣ-ಶ್ರವಣಬೆಳಗೊಳ ನಡುವೆ ಲೆಕ್ಕವಿಲ್ಲದಷ್ಟು ಟ್ರಿಪ್ ಹೊಡೆದವರು. ಇವರಿಗೆ ಹೆದರಿಕೆಯಿರುವುದು ಒಂದಕ್ಕೇ: ರಾತ್ರಿ ಹೆದ್ದಾರಿಯಲ್ಲಿ ಹಿಂದಿನ ಕೆಂಪು ದೀಪವಿಲ್ಲದೆ ನಿಂತ ಲಾರಿ, ಎದುರಿನಿಂದ ಡಿಮ್ ಮಾಡದೆ ಬರುವ ಲೈಟು. ಆ ಮಾತಿಗೆ ಸುತ್ತಲಿನ ಆಟೋದವರೂ ಕಿವಿಗೊಟ್ಟರು. ಅವರ ಆಟೋಗಳ ಹಿಂದೆ ಯಾರ ಚಿತ್ರವಿದೆ ಎಂದು ನಿಮಗೆ ಹೇಳಬೇಕೆ? 1980ರಲ್ಲಿ 'ಆಟೋ ರಾಜ'ನಾದವನು, 1985ರಲ್ಲಿ 'ಆಕ್ಸಿಡೆಂಟ್' ಎಂದೇ ಹೆಸರಿಟ್ಟು ಚಿತ್ರ ಮಾಡಿದವನು, 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಕಾರು ಅಪಘಾತದಲ್ಲೇ ಹೋದ. ನಾನು ಹುಟ್ಟುವುದಕ್ಕೆ ಮುಂಚಿನ ಮಾತು. ಆದರೂ ಹೇಳುವಾಗ ಗಂಟಲು ಹಿಡಿಯುತ್ತದೆ.

ಮೌನ ಮುರಿದವರು ಮಾವನೇ. 'ಮಿಂಚಿನ ಓಟದಲ್ಲಿ ಅನಂತು, ಶಂಕರ, ಲೋಕನಾಥು ಮೂರು ಜನ ಕಾರು ಕದೀತಾರಲ್ಲ? ನನ್ನ ಕಾರು ಕದಿಯೋಕೆ ಬಂದಿದ್ರೆ ಸಿನಿಮಾ ಅಲ್ಲೇ ಮುಗೀತಿತ್ತು. ರಿವರ್ಸ್ ಬೀಳ್ಬೇಕಲ್ಲ!'

ಗೇರು ಎಂಬ ಗರತಿ

ಈ ಗೇರಿನ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಅಂಬಾಸಿಡರ್, ಫಿಯೆಟ್ಟುಗಳಲ್ಲಿ ಗೇರ್ ಕಡ್ಡಿ ಇರುವುದು ಸ್ಟೇರಿಂಗ್ ಪಕ್ಕದಲ್ಲಿ. ಅಲ್ಲಿಂದ ಗೇರ್ ಪೆಟ್ಟಿಗೆಯ ತನಕ ಸರಳು, ಸರಳಿನ ಕೊನೆಯಲ್ಲಿ ಬುಷ್ಷು. ಬುಷ್ ಸವೆದರೆ ಕೈ ಹೇಳಿದ್ದು ಪೆಟ್ಟಿಗೆಗೆ ಸರಿಯಾಗಿ ಕೇಳಿಸುವುದಿಲ್ಲ. ಒಂದನೇ ಗೇರಿಗೂ ರಿವರ್ಸಿಗೂ ಮಧ್ಯೆ ಸಿಕ್ಕಿಕೊಂಡು ಕೂತುಬಿಡುತ್ತದೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಆಗ ಇಳಿದು, ಬಾನೆಟ್ ಎತ್ತಿ, ಕೈ ತೂರಿಸಿ, ಆ ಸರಳನ್ನು ನ್ಯೂಟ್ರಲ್ಲಿಗೆ ಎಳೆಯಬೇಕು. ಬುಷ್ ಹಾಕಿಸಿದರೆ ಮುಗಿಯುವ ಕೆಲಸ. ಆದರೆ ನಮ್ಮ ಮಾವ 'ನಲವತ್ತು ವರ್ಷದ ಕಾರು, ಅದಕ್ಕೂ ಸ್ವಲ್ಪ ಹಟ ಇರ್ಲಿ' ಎಂದು ಮುಂದೂಡುತ್ತಲೇ ಬಂದಿದ್ದಾರೆ. ಒಮ್ಮೆ ದೊಡ್ಡ ಊರಿನ ಒಂದು ಅಂಗಡಿಯಿಂದ 'ಒರಿಜಿನಲ್' ಬುಷ್ ತಂದರು. ಮೂರೇ ದಿನಕ್ಕೆ ಅದು ಹಪ್ಪಳ.

ಮಿಕ್ಕ ರಿಪೇರಿಗಳೆಲ್ಲ ಅಡುಗೆಮನೆಯವು. ಪೆಟ್ರೋಲ್ ಟ್ಯಾಂಕು ಸೋರಿದರೆ ಬಟ್ಟೆ ಸೋಪು ಉಜ್ಜುವುದು. ಬೇಸಿಗೆಯಲ್ಲಿ ಪೆಟ್ರೋಲು ಪಂಪಿನಲ್ಲೇ ಆವಿಯಾಗಿ ಇಂಜಿನ್ ನಿಂತರೆ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಒಂದು ಬೀಡಿಯ ಹೊತ್ತು ಕಾಯುವುದು (ಬೀಡಿ ದೂರ ಹೋಗಿ ಸೇದಿ). ಮಲ್ಲಿಪಟ್ಟಣದ ಕಡೆ ಮಳೆಯಲ್ಲಿ ವೈಪರ್ ಕೈಕೊಟ್ಟರೆ ಹಾಸನದ ಆಲೂಗಡ್ಡೆಯನ್ನು ಎರಡು ಹೋಳು ಮಾಡಿ ಗಾಜಿಗೆ ಉಜ್ಜುವುದು. ನೀರು ಹನಿಯಾಗಿ ನಿಲ್ಲದೆ ಜಾರುತ್ತದೆ, ಮಳೆ ನಿಲ್ಲುವ ತನಕ ಹೇಗೋ ನಡೆಯುತ್ತದೆ.

ಹೊಸ ಗೋಳು ಪೆಟ್ರೋಲಿನದು. ಈಗ ನೂರಕ್ಕೆ 20 ಪಾಲು ಎಥನಾಲ್. ಹಳೆಯ ಕಾರಿನ ರಬ್ಬರಿಗೆ ಅದು ಒಗ್ಗುವುದಿಲ್ಲ. ಪೈಪು, ಪಂಪಿನ ಡಯಾಫ್ರಂ ಉಬ್ಬುತ್ತವೆ, ಬಿರಿಯುತ್ತವೆ. ಪಕ್ಕದ ಗದ್ದೆಯ ಕಬ್ಬೇ ಟ್ಯಾಂಕಿಗೆ ಬಂದ ಹಾಗಾಯಿತು. 'ಇಷ್ಟು ವರ್ಷ ಮರ್ಯಾದೆಯಾಗಿದ್ದ ಕಾರು ಈ ವಯಸ್ಸಲ್ಲಿ ಕುಡಿಯೋದು ಕಲೀತಲ್ಲ!' ಎಂದರು ಪಟ್ಟಣದ ಹಿರಿಯರು.

ಹದಿನೈದು ತೌ

ಇಷ್ಟೂ ಹೊತ್ತು ಮಾತಾಡದಿದ್ದವರು ನಮ್ಮ ಮೇಸ್ತ್ರಿ. ಇಂಜಿನ್ನಿಗೆ ಸ್ಕ್ರೂಡ್ರೈವರ್ ತಾಗಿಸಿ, ಅದರ ಹಿಡಿಯನ್ನು ಕಿವಿಗಿಟ್ಟು, 'ಮೂರನೇ ಟ್ಯಾಪೆಟ್' ಎಂದು ಹೇಳುತ್ತಿದ್ದವರು. ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟ್ ಎಂದು ಕರೆಯುವ ಎರಡು ಪುಟ್ಟ ತುಟಿಗಳಿರುತ್ತವೆ. ಅವು ಒಂದಕ್ಕೊಂದು ತಾಗಿ ಬಿಟ್ಟು ಆಡುವುದರಿಂದಲೇ ಕಿಡಿ ಹುಟ್ಟುವುದು. ಆ ತುಟಿಗಳ ನಡುವಿನ ಸಂದು ಸುಮಾರು 15 ತೌ, ಅಂದರೆ ಮಿಲಿಮೀಟರಿನಲ್ಲಿ ಅರ್ಧಕ್ಕೂ ಕಡಿಮೆ. ಮೇಸ್ತ್ರಿಗೆ ಅಳತೆಪಟ್ಟಿಯೇ ಬೇಡವಾಗಿತ್ತು, ಕಣ್ಣಲ್ಲೇ ಇಡುತ್ತಿದ್ದರು.

ಈಗ ಒಂದು ಕಣ್ಣಿಗೆ ಪೊರೆ ತೆಗೆದಾಗಿದೆ, ಇನ್ನೊಂದು ಬಾಕಿ. ಕೈ ನಡುಗುತ್ತದೆ. ಕಪ್ಪು ಸಾಸರಿನ ಮೇಲೆ ಟಕಟಕ ಎಂದಾಗ ಎಲ್ಲರೂ ಬೇರೆ ಕಡೆ ನೋಡಿದರು. ಅವರೇ ನಕ್ಕು ಹೇಳಿದರು: 'ಸ್ಟೇರಿಂಗಲ್ಲಿ ಪ್ಲೇ ಬಂದದೆ ಕಣಯ್ಯ.'

ಹೊಸ ಹುಡುಗರು ಈ ಕೆಲಸ ಕಲಿಯುವುದಿಲ್ಲ. ಅವರ ತಪ್ಪೇನು? ಶೋರೂಮಿನಲ್ಲಿ ಕಾರಿಗೆ ವೈರು ಸಿಕ್ಕಿಸಿದರೆ ರೋಗದ ಹೆಸರು ಪರದೆಯ ಮೇಲೆ ಬರುತ್ತದೆ, ತಿಂಗಳಿಗೆ ಸಂಬಳ ಬರುತ್ತದೆ. ಪಾಯಿಂಟಿನ ಕಾರು ಊರಿಗೊಂದು ಉಳಿದಿದ್ದರೆ ಹೊಟ್ಟೆ ತುಂಬುವುದು ಹೇಗೆ? ನಾನೇ ಬಿಟ್ಟು ಬಂದವನಲ್ಲವೆ!

ಮಾವನ ಕಾರಿಗೆ 2026 ಕಂಟಕದ ವರ್ಷ. 15 ವರ್ಷ ದಾಟಿದ ಕಾರಿಗೆ 5 ವರ್ಷಕ್ಕೊಮ್ಮೆ ಆರ್.ಸಿ. ರಿನ್ಯೂವಲ್ ಆಗಬೇಕು. 2021ರಲ್ಲಿ ಶುಲ್ಕ 600 ರೂಪಾಯಿ. 2022ರ ಏಪ್ರಿಲ್‌ನಿಂದ ಅದು 5,000 ಆಯಿತು, 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಆಯಿತು. ಅದರ ಮೇಲೆ ಗ್ರೀನ್ ಟ್ಯಾಕ್ಸು. ಅದಕ್ಕೂ ಮುಂಚೆ ಫಿಟ್‌ನೆಸ್ ಪರೀಕ್ಷೆ. ಪರೀಕ್ಷೆಯ ಮೈದಾನದಲ್ಲಿ ಸಾಹೇಬರು 'ಸ್ವಲ್ಪ ಹಿಂದಕ್ಕೆ ತಗೊಳ್ಳಿ' ಅಂದರೆ? ಈ ಮಧ್ಯೆ ಗುಜರಿಯವನೊಬ್ಬ ವಾರಕ್ಕೆರಡು ಸಲ ಫೋನ್ ಮಾಡುತ್ತಾನೆ. ತಕ್ಕಡಿ ತಂದೇ ಮಾತಾಡುವ ಜಾತಿ. ಅತ್ತೆಯ ಮೊಣಕಾಲಿನ ಆಪರೇಷನ್ನಿಗೂ ದುಡ್ಡು ಬೇಕು. ಮಾವ ಇದನ್ನು ಯಾರಿಗೂ ಹೇಳಿಲ್ಲ, ನನಗೆ ಅತ್ತೆ ಹೇಳಿದ್ದು.

ಕಾಫಿ ದುಡ್ಡು ಕೊಟ್ಟು ಹೊರಡುವಾಗ ಕಾರು ತನ್ನ ಗುಣ ತೋರಿಸಿತು. ಗೋಡೆಗೆ ಮೂತಿ ಕೊಟ್ಟು ನಿಲ್ಲಿಸಿದ್ದರು, ಹಿಂದಕ್ಕೆ ಬರಲೇಬೇಕು. ಗೇರು ಸಿಕ್ಕಿಕೊಂಡಿತು. ಹಿಂದೊಬ್ಬ ಹಾರನ್ ಹೊಡೆಯತೊಡಗಿದ. ಮೇಸ್ತ್ರಿ ಬಾನೆಟ್ಟಿನ ಒಳಗೆ ಕೈ ಹಾಕಿದರು, ಸರಳು ಸಿಗಲಿಲ್ಲ. ಇನ್ನೊಮ್ಮೆ ಹಾಕಿದರು. ಆಮೇಲೆ ಪಕ್ಕಕ್ಕೆ ಸರಿದು ನನ್ನ ಕಡೆ ನೋಡಿದರು.

ಹತ್ತು ವರ್ಷದ ಮೇಲೆ ಕೈ ತೂರಿಸಿದೆ. ಬಿಸಿ, ಎಣ್ಣೆ, ಕತ್ತಲೆ. 'ಎಡಕ್ಕೆ. ಇನ್ನೂ ಕೆಳಗೆ. ಹಾಂ... ಅದನ್ನ ನಿನ್ನ ಕಡೆ ಎಳಿ' ಎಂದರು ಮೇಸ್ತ್ರಿ, ಕಣ್ಣು ಮುಚ್ಚಿಕೊಂಡೇ. ಟಕ್ ಎಂದಿತು.

ಮೊಣಕೈ ತನಕ ಗ್ರೀಸು. ಮೇಸ್ತ್ರಿ ನನ್ನ ಕೈಯನ್ನು ಹತ್ತಿರ ಹಿಡಿದು ನೋಡಿ, ಏನೂ ಹೇಳದೆ ತಮ್ಮ ಹೆಗಲ ಮೇಲಿನ ಬಟ್ಟೆ ಕೊಟ್ಟರು. ಅಷ್ಟರಲ್ಲಿ ಮಾವನ ಫೋನು ಬಡಿದುಕೊಂಡಿತು. ಗುಜರಿಯವನೇ. ಮಾವ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಗೇರ್ ಕಡ್ಡಿ ಹಿಡಿದು ಕೂಗಿದರು: 'ಈಗ ರಿವರ್ಸ್ ಬಿದ್ದದೆ ಕಣಯ್ಯ, ಅರಕಲಗೂಡು ಸೇರಿದ ಮೇಲೆ ಮಾತಾಡನ, ಇಡು!'