"ಏರ್‌ಬ್ಲಾಸ್ಟಾ?" ಅಂತ ಅಪ್ಪ ಕೇಳುತ್ತಾರೆ

ನಾಗೋಲ್ ಕಡೆ ಹೋಗುವ ಮೆಟ್ರೋದಲ್ಲಿ ಹಬ್ಸಿಗುಡ ಆದ ಮೇಲೆ ಬರುವ ನಿಲ್ದಾಣ ಎನ್‌ಜಿಆರ್‌ಐ. ದಿನಾ ಆ ದಾರಿಯಲ್ಲಿ ಓಡಾಡುವ ನಮಗೆ ಅದು ಬರೀ ನಾಲ್ಕು ಅಕ್ಷರ. 1961ರಲ್ಲಿ ಶುರುವಾದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಹೆಸರದು. ನೆಲದ ಕಂಪನಗಳನ್ನು ಅಳೆಯುವವರು ಅಲ್ಲಿದ್ದಾರೆ.

ನಮ್ಮ ಮನೆಯಲ್ಲೂ ಅಂಥವರೊಬ್ಬರಿದ್ದಾರೆ, ನಮ್ಮಪ್ಪ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಮರದ ಆಧಾರ ಕಟ್ಟುವ ಕೆಲಸದಲ್ಲಿದ್ದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ನನ್ನ ಜೊತೆ ಹೈದರಾಬಾದಿಗೆ ಬಂದರು. ಇವತ್ತಿಗೂ ರಾತ್ರಿ ಭಾರದ ಲಾರಿ ಹೋಗಿ ಕಿಟಕಿ ಗಾಜು ನಡುಗಿದರೆ ಎದ್ದು ಕೂತು, "ಏರ್‌ಬ್ಲಾಸ್ಟಾ?" ಅನ್ನುತ್ತಾರೆ.

ಹೊರಗಿನವರಿಗೆ ಈ ಮಾತು ವಿವರಿಸಬೇಕು. ಚಾಂಪಿಯನ್ ರೀಫ್‌ನ ಆಳ 3 ಕಿಲೋಮೀಟರಿಗೂ ಹೆಚ್ಚು. ಅಷ್ಟು ಕೆಳಗೆ ಅದಿರು ತೆಗೆದು ಜಾಗ ಖಾಲಿ ಮಾಡಿದಾಗ, ಅದು ಹೊತ್ತಿದ್ದ ಭಾರ ಪಕ್ಕದ ಬಂಡೆಯ ಮೇಲೆ ಬೀಳುತ್ತದೆ. ತಡೆಯುವಷ್ಟು ತಡೆದು ಬಂಡೆ ಒಮ್ಮೆಗೇ ಸಿಡಿಯುತ್ತದೆ. ಪುಸ್ತಕದಲ್ಲಿ ರಾಕ್‌ಬರ್ಸ್ಟ್ ಅನ್ನುವುದನ್ನು ನಮ್ಮೂರಲ್ಲಿ ಏರ್‌ಬ್ಲಾಸ್ಟ್ ಅಂತಿದ್ದರು. ಮೇಲೆ ಮನೆಯ ಪಾತ್ರೆ ಗಲಗಲ ಅಂದರೆ ಸಾಕು, ಗಂಡ ಮಕ್ಕಳು ಶಿಫ್ಟಿಗೆ ಹೋಗಿದ್ದ ಹೆಂಗಸರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅಮ್ಮನೂ ಹಾಗೆ ಎಷ್ಟೋ ಸಲ ನಿಂತಿದ್ದಾಳೆ.

ಇದನ್ನು ಮೊದಲೇ ತಿಳಿಯಲು ಆಗುವುದಿಲ್ಲವೇ? ಅಪ್ಪನ ತಲೆಮಾರು ಕಿವಿಯನ್ನೇ ನಂಬಿತ್ತು. ಕಬ್ಬಿಣದ ಸಲಾಕೆಯಿಂದ ಚಾವಣಿ ತಟ್ಟುವುದು. ಗಟ್ಟಿ ಸದ್ದು ಬಂದರೆ ಕೆಲಸ, ಟೊಳ್ಳು ಸದ್ದು ಬಂದರೆ ಹುಷಾರು. ಮರದ ಕಂಬ ಮುರಿಯುವ ಮೊದಲು ಕಿರುಗುಟ್ಟುತ್ತದೆ. "ಕಬ್ಬಿಣ ಹೇಳದೆ ಕೈಕೊಡುತ್ತೆ, ಮರ ಹೇಳಿ ಹೋಗುತ್ತೆ" ಅನ್ನುತ್ತಾರೆ ಅಪ್ಪ.

ಕಿವಿಗೆ ಕೇಳಿಸದ ಬಿರುಕುಗಳನ್ನು ಕೇಳಲು 1970ರ ದಶಕದ ಕೊನೆಗೆ ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ ಕೆಜಿಎಫ್‌ನಲ್ಲಿ ಜಿಯೋಫೋನ್‌ಗಳ ಜಾಲ ಹಾಕಿದರು. ಲೆಕ್ಕ ಸರಳ. ಗಟ್ಟಿ ಬಂಡೆಯಲ್ಲಿ ಕಂಪನ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ. ಬೇರೆ ಬೇರೆ ಕಡೆ ಇಟ್ಟ ಉಪಕರಣಗಳಿಗೆ ಅದು ಬೇರೆ ಬೇರೆ ಹೊತ್ತಿಗೆ ಮುಟ್ಟುತ್ತದೆ. ಆ ವ್ಯತ್ಯಾಸದಿಂದ ಬಿರುಕು ಎಲ್ಲಿ ಎಂದು ಗೊತ್ತಾಗುತ್ತದೆ. ಸೆಕೆಂಡಿನ ಸಾವಿರದ ಒಂದು ಭಾಗ ತಪ್ಪಿದರೂ 6 ಮೀಟರ್ ಹೆಚ್ಚುಕಮ್ಮಿ. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿದ್ದೂ ಕೆಜಿಎಫ್‌ನಲ್ಲೇ. ಗಣಿ ಮುಚ್ಚಿ, ಸುರಂಗಗಳಲ್ಲಿ ನೀರು ತುಂಬಿದ ಮೇಲೂ ಅಲ್ಲಿ ನೆಲ ನಡುಗಿದೆ; ಅದನ್ನೂ ಈ ಸಂಸ್ಥೆಯವರು ದಾಖಲಿಸಿದ್ದಾರೆ.

ಆದರೆ ಯಂತ್ರ "ನಾಳೆ ಮೂರು ಗಂಟೆಗೆ ಸಿಡಿಯುತ್ತೆ" ಅಂತ ಹೇಳುವುದಿಲ್ಲ. ಒಂದು ಜಾಗದಲ್ಲಿ ಸಣ್ಣ ಸದ್ದುಗಳು ಹೆಚ್ಚುತ್ತಿವೆ ಅಂತ ಮಾತ್ರ ಹೇಳುತ್ತದೆ. ಅಷ್ಟಕ್ಕೇ ಕೆಲಸ ನಿಲ್ಲಿಸಿ ಜನರನ್ನು ಆಚೆ ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವವನು ಮನುಷ್ಯ.

ಈಗ ನಾವಿರುವ ತೆಲಂಗಾಣದಲ್ಲಿ ಕಲ್ಲಿದ್ದಲ ಗಣಿಗಳಿವೆ. ಅಲ್ಲಿನ ಅಪಾಯವೇ ಬೇರೆ. ಗಾಳಿಯಲ್ಲಿ ಮೀಥೇನ್ ಶೇಕಡ 5ರಿಂದ 15ರವರೆಗೆ ಇದ್ದರೆ ಒಂದು ಕಿಡಿ ಸಾಕು. ಕಲ್ಲಿದ್ದಲು ತಾನಾಗಿ ಬಿಸಿಯೇರುತ್ತಿದ್ದರೆ ಹೊಗೆ ಕಾಣುವ ಮೊದಲೇ ಕಾರ್ಬನ್ ಮೊನಾಕ್ಸೈಡ್ ಹೆಚ್ಚುತ್ತದೆ. ಅದಕ್ಕೇ ಗಾಳಿಯನ್ನು ಸದಾ ಅಳೆಯುತ್ತಿರಬೇಕು. ಇನ್ನೊಂದು ಶತ್ರು ನೀರು. 2003ರ ಜೂನ್ 16ರಂದು ಸಿಂಗರೇಣಿಯ ಗೋದಾವರಿಖನಿಯ ಒಂದು ಗಣಿಗೆ ನೀರು ನುಗ್ಗಿ 17 ಮಂದಿ ಸತ್ತರು. ಅದೇ ವರ್ಷ ಅಕ್ಟೋಬರ್ 16ರಂದು ಇನ್ನೊಂದು ಗಣಿಯಲ್ಲಿ ಚಾವಣಿ ಕುಸಿದು 10 ಮಂದಿ. ನೀರು ನಿಂತ ಹಳೆಯ ಸುರಂಗದಿಂದ 60 ಮೀಟರ್ ಒಳಗೆ ಹೋಗುವ ಮುಂಚೆ ಅನುಮತಿ ಬೇಕು, ಮುಂದೆ ರಂಧ್ರ ಕೊರೆದು ನೋಡಬೇಕು ಎಂಬ ನಿಯಮ ನಮ್ಮಲ್ಲಿ ಹಳೆಯದು. ಹಳೆಯ ಸುರಂಗ ನಕ್ಷೆಯಲ್ಲಿ ಸರಿಯಾಗಿ ಇಲ್ಲದಿದ್ದರೆ ಆ 60 ಮೀಟರನ್ನು ಎಲ್ಲಿಂದ ಅಳೆಯುವುದು?

2025ರ ಫೆಬ್ರವರಿ 22ರಂದು ನಾಗರಕರ್ನೂಲ್ ಜಿಲ್ಲೆಯ ಎಸ್‌ಎಲ್‌ಬಿಸಿ ಸುರಂಗ ಕುಸಿದು ಎಂಟು ಮಂದಿ ಸಿಕ್ಕಿಕೊಂಡರು. ಅದು ಗಣಿಯಲ್ಲ, ನೀರಾವರಿ ಕಾಲುವೆಯ ಸುರಂಗ. ನಮ್ಮ ಮೆಟ್ರೋ ನಿಲ್ದಾಣದ ಎದುರಿನ ಎನ್‌ಜಿಆರ್‌ಐ ವಿಜ್ಞಾನಿಗಳು ನೆಲದೊಳಗೆ ಇಣುಕುವ ರಾಡಾರ್ ತೆಗೆದುಕೊಂಡು ಅವರನ್ನು ಹುಡುಕಲು ಹೋದರು. ಆ ವಾರವೆಲ್ಲ ಅಪ್ಪ ಟಿವಿ ಮುಂದಿನಿಂದ ಏಳಲಿಲ್ಲ.

ಒಂದು ರಾತ್ರಿ ಹೇಳಿದರು. ಅವರ ಗುಂಪಿನ ಹಿರಿಯ ಮೇಸ್ತ್ರಿ ಒಮ್ಮೆ ಚಾವಣಿ ತಟ್ಟಿ ನೋಡಿ, ಯಾರನ್ನೂ ಕೇಳದೆ, "ಎಲ್ಲರೂ ಆಚೆ ನಡೀರೋ" ಅಂದನಂತೆ. ಆ ದಿನ ಏನೂ ಬೀಳಲಿಲ್ಲ. ಶಿಫ್ಟ್ ಹಾಳಾಯಿತು ಅಂತ ಅವನು ಬೈಸಿಕೊಂಡ. ಮರುದಿನ ಹೋಗಿ ನೋಡಿದರೆ, ಅವರು ಊಟಕ್ಕೆ ಕೂರುತ್ತಿದ್ದ ಜಾಗದಲ್ಲಿ ಬಂಡೆ ಬಿದ್ದಿತ್ತು.

"ಮರುದಿನವೂ ಬೀಳದೇ ಇದ್ದಿದ್ದರೆ?" ಅಂದೆ.

"ಇನ್ನೊಂದು ಸಲ ಬೈಸ್ಕೋತಿದ್ದ. ಅಷ್ಟೇ ತಾನೆ" ಅಂದರು ಅಪ್ಪ.