ಗ್ರಾಂಟ್ ರೋಡಿನಲ್ಲಿ ಕರಾವಳಿಯ ಪಾಲು

ಸ್ಲೋ ಲೋಕಲ್‌ಗಳಷ್ಟೇ ನಿಲ್ಲುವ ಗ್ರಾಂಟ್ ರೋಡ್ ಸ್ಟೇಷನ್ ಒಂದು ಕಾಲಕ್ಕೆ ಮುಂಬಯಿಯ ಕೊನೆಯ ನಿಲ್ದಾಣ. 1864ರಲ್ಲಿ ಗುಜರಾತಿನಿಂದ ಬಂದ ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ (ಬಿ.ಬಿ. ಅಂಡ್ ಸಿ.ಐ.) ಕಂಪನಿಯ ರೈಲುಹಳಿ ಇಲ್ಲಿಗೇ ಮುಗಿಯುತ್ತಿತ್ತು. ರಸ್ತೆಗೆ ಹೆಸರು ಕೊಟ್ಟವನು 1835ರಿಂದ 1838ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಸರ್ ರಾಬರ್ಟ್ ಗ್ರಾಂಟ್. ಈಗ ಅದು ಮೌಲಾನಾ ಶೌಕತ್ ಅಲಿ ರಸ್ತೆ; ಜನರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ. ಈ ಬಡಾವಣೆಯ ಚರಿತ್ರೆಯ ಎರಡು ಮುಖ್ಯ ಅಧ್ಯಾಯಗಳಲ್ಲಿ ನಮ್ಮ ಕರಾವಳಿಗೂ ಪಾಲಿದೆ.

ಮೊದಲನೆಯದು ನಾಟಕದ್ದು. ಜಗನ್ನಾಥ ಶಂಕರಶೇಟ್ ಕೊಟ್ಟ ಜಾಗದಲ್ಲಿ 1846ರಲ್ಲಿ ಗ್ರಾಂಟ್ ರೋಡ್ ಥಿಯೇಟರ್ ಶುರುವಾಯಿತು. ಆರಂಭದಲ್ಲಿ ನಡೆಯುತ್ತಿದ್ದವು ಇಂಗ್ಲಿಷ್ ನಾಟಕಗಳು. ಆದರೆ ಕೋಟೆ ಪ್ರದೇಶದ ಬಿಳಿಯರಿಗೆ ಈ ಜಾಗ ದೂರ, ಸುತ್ತಲಿನ ದೇಶೀಯರಿಗೆ ಹತ್ತಿರ. 1853ರಲ್ಲಿ ಸಾಂಗ್ಲಿಯ ವಿಷ್ಣುದಾಸ ಭಾವೆ ತಮ್ಮ ಮರಾಠಿ ನಾಟಕಗಳನ್ನು ಇಲ್ಲಿಗೆ ತಂದರು. ಭಾವೆಯವರಿಗೆ ಪ್ರೇರಣೆ ಸಿಕ್ಕಿದ್ದು ಅದಕ್ಕೂ ಹತ್ತು ವರ್ಷ ಹಿಂದೆ. ಉತ್ತರ ಕನ್ನಡದ ಭಾಗವತ ಮೇಳವೊಂದು ಸಾಂಗ್ಲಿಯಲ್ಲಿ ಆಡಿದ ಆಟ ನೋಡಿದ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರು, ಅಂಥದ್ದನ್ನೇ ಮರಾಠಿಯಲ್ಲಿ ಕಟ್ಟಲು ಭಾವೆಯವರಿಗೆ ಹೇಳಿದರು. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು.

1853ರ ಅಕ್ಟೋಬರಿನಲ್ಲಿ ಪಾರ್ಸಿಗಳ ಮೊದಲ ನಾಟಕವೂ ಇದೇ ಥಿಯೇಟರಿನಲ್ಲಿ ನಡೆಯಿತು. ಮುಂದೆ ಪಾರ್ಸಿ ಕಂಪನಿಗಳು ಮೈಸೂರಿನವರೆಗೂ ಬಂದವು. ಅವರ ಪರದೆ, ಸೀನರಿ, ಹಾಡಿನ ಮಟ್ಟುಗಳನ್ನು ನಮ್ಮ ಕಂಪನಿ ನಾಟಕಗಳು ಎತ್ತಿಕೊಂಡವು. ಉತ್ತರ ಕರ್ನಾಟಕದವರು ಮರಾಠಿ ಮಂಡಳಿಗಳಿಂದ ಕಲಿತರು, ಅವುಗಳ ಎದುರು ಕನ್ನಡ ಮಂಡಳಿಗಳನ್ನೂ ಕಟ್ಟಿದರು. ಮೇಳ ಕೊಟ್ಟ ಸಾಲ ಹೀಗೆ ಬಡ್ಡಿಸಮೇತ ವಾಪಸಾಯಿತು.

ಎರಡನೆಯ ಅಧ್ಯಾಯ ಸ್ಟೇಷನ್ನಿನ ಪಶ್ಚಿಮಕ್ಕೆ, ಗಾಮ್‌ದೇವಿಯಲ್ಲಿದೆ. ಉತ್ತರ, ದಕ್ಷಿಣ ಕನ್ನಡದಿಂದ ನೌಕರಿಗೆಂದು ಬಂದ ಚಿತ್ರಾಪುರ ಸಾರಸ್ವತರ ಮನೆಮಾತು ಕೊಂಕಣಿ, ಶಾಲೆಯಲ್ಲಿ ಕಲಿತದ್ದು ಕನ್ನಡ. ಪ್ಲೇಗಿನ ಪೆಟ್ಟು ತಿಂದ ನಗರದಲ್ಲಿ ಗುಮಾಸ್ತರ ಸಂಬಳಕ್ಕೆ ಒಳ್ಳೆಯ ಮನೆ ಸಿಗುವುದು ಕಷ್ಟವಿತ್ತು. ಶ್ರೀಪಾದ ಸುಬ್ರಾವ್ ತಲಮಕಿಯವರು ಇದಕ್ಕೆ ಸಹಕಾರ ತತ್ವದಲ್ಲಿ ಪರಿಹಾರ ಹುಡುಕಿದರು. 1906ರಲ್ಲಿ ಶಾಮರಾವ್ ವಿಠಲ್ ಸಹಕಾರಿ ಪತ್ತಿನ ಸಂಘ ಹುಟ್ಟಿತು. ಇಂದಿನ ಎಸ್‌ವಿಸಿ ಬ್ಯಾಂಕಿನ ಮೂಲ ಅದೇ. 1915ರಲ್ಲಿ ಸಾರಸ್ವತ ಗೃಹ ನಿರ್ಮಾಣ ಸಹಕಾರ ಸಂಘ ನೋಂದಣಿಯಾಯಿತು. ಗಾಮ್‌ದೇವಿಯಲ್ಲಿ ಅದು ಕಟ್ಟಿದ ಮನೆಗಳ ಒಡೆತನ ಸಂಘದ್ದು. ಸದಸ್ಯರು ಸಂಘದ ಪಾಲುದಾರರೂ ಹೌದು, ಅದರ ಬಾಡಿಗೆದಾರರೂ ಹೌದು. ದಲ್ಲಾಳಿ, ಮಾಲಿಕರ ಕಾಟವಿಲ್ಲದ ಈ ಪದ್ಧತಿ ದೇಶದ ಮೊದಮೊದಲ ಪ್ರಯೋಗಗಳಲ್ಲಿ ಒಂದು. ಮುಂಬಯಿಯ ಮಧ್ಯಮವರ್ಗ ಇಂದು ಬದುಕುತ್ತಿರುವ ಹೌಸಿಂಗ್ ಸೊಸೈಟಿಗಳ ಹಿರಿಯಕ್ಕ ಇದು.

ನೋಡಬೇಕೆನ್ನುವವರು ಪೂರ್ವಕ್ಕೆ ಇಳಿದರೆ ಹಳೆಯ ಟಾಕೀಸುಗಳ ಪಿಲಾ ಹೌಸ್, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡ್. ಪಶ್ಚಿಮಕ್ಕೆ ಇಳಿದರೆ ‘ನಾನಾ’ ಎಂದೇ ಕರೆಸಿಕೊಳ್ಳುತ್ತಿದ್ದ ಶಂಕರಶೇಟರ ಹೆಸರಿನ ನಾನಾ ಚೌಕ್, ಗಾಂಧೀಜಿ 1917ರಿಂದ 1934ರವರೆಗೆ ಮುಂಬಯಿಗೆ ಬಂದಾಗ ತಂಗುತ್ತಿದ್ದ ಮಣಿಭವನ, 1942ರ ಆಗಸ್ಟ್ ಕ್ರಾಂತಿ ಮೈದಾನ.

ಈ ಚರಿತ್ರೆ ಕಲ್ಲುಕಟ್ಟಡಗಳಿಗಿಂತ ಹೆಚ್ಚಾಗಿ ಕಾಗದಗಳಲ್ಲಿ ಇರುವಂಥದ್ದು. ಮುಂಬಯಿ ಕನ್ನಡಿಗರ ಮನೆಗಳ ಅಟ್ಟದಲ್ಲಿ ಹಳೆಯ ನಾಟಕದ ಹಸ್ತಪತ್ರಿಕೆ, ಸಂಘದ ವಾರ್ಷಿಕ ವರದಿ, ಗುಂಪು ಫೋಟೋ ಸಿಕ್ಕರೆ ರದ್ದಿಯವನಿಗೆ ಹಾಕಬೇಡಿ. ಒಂದು ಪ್ರತಿ ತೆಗೆಸಿ ಹತ್ತಿರದ ಸಂಘಕ್ಕೋ ಗ್ರಂಥಾಲಯಕ್ಕೋ ಕೊಡಿ.